ಹೆರಿಗೆ, ಕಾಯಿಲೆ ಮತ್ತು ಸಂಬಳದ ಲೆಕ್ಕ

ಹೆರಿಗೆ ರಜೆ ಎಷ್ಟು ವಾರ ಎಂಬುದು ದುಡಿಯುವವರಿಗೆಲ್ಲ ಗೊತ್ತು. ಆ ವಾರಗಳಿಗೆ ಕೈಗೆ ಎಷ್ಟು ಹಣ ಬರುತ್ತದೆ ಎಂಬುದನ್ನು ನಿರ್ಧರಿಸುವ ಲೆಕ್ಕವೇ ಬೇರೆ. ಮೂಲವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಹಾಜರಿ ಬೋನಸ್ಸು ಇವುಗಳಲ್ಲಿ ಯಾವುದು ರಜೆಯಲ್ಲೂ ಉಳಿಯಬೇಕು, ಯಾವುದು ಕಡಿತವಾಗಬೇಕು ಎಂಬ ವಾದ ಭಾರತದಲ್ಲಿ ಹೆಚ್ಚುಕಡಿಮೆ ನೂರು ವರ್ಷಗಳಿಂದ ನಡೆದಿದೆ.

ಆರಂಭದ ಕಾಯಿದೆಗಳ ಕಾಲಕ್ಕೆ ಈ ವಾದವೇ ಇರಲಿಲ್ಲ. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಹೆರಿಗೆಗೆ ಮುಂಚೆ ಆರು ವಾರ, ಆಮೇಲೆ ಆರು ವಾರ ಬಿಡುವು ಕೊಡಬೇಕೆಂಬ ಒಪ್ಪಂದವನ್ನು ರೂಪಿಸಿತು. ಭಾರತ ಅದನ್ನು ಅಂಗೀಕರಿಸಲಿಲ್ಲ. ಎನ್. ಎಂ. ಜೋಶಿಯವರು 1924ರಲ್ಲಿ ಕೇಂದ್ರ ಶಾಸನಸಭೆಗೆ ತಂದ ಹೆರಿಗೆ ಸೌಲಭ್ಯದ ಮಸೂದೆಯೂ ಬಿದ್ದುಹೋಯಿತು. ಕೊನೆಗೆ ದಾರಿ ತೆರೆದದ್ದು ಬೊಂಬಾಯಿ ಪ್ರಾಂತದಲ್ಲಿ. 1928ರಲ್ಲಿ ಅಲ್ಲಿನ ಶಾಸನ ಪರಿಷತ್ತಿನಲ್ಲಿ ಮಸೂದೆಯ ಚರ್ಚೆ ನಡೆದಾಗ ಡಾ. ಬಿ. ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತನಾಡಿದರು. ತಾಯಿಗೆ ವಿಶ್ರಾಂತಿ ಸಿಗುವುದರಲ್ಲಿ ಇಡೀ ದೇಶದ ಹಿತ ಅಡಗಿದೆ, ಆದ್ದರಿಂದ ಅದರ ಹೊರೆಯ ದೊಡ್ಡ ಪಾಲನ್ನು ಸರ್ಕಾರ ಹೊರಬೇಕಾದದ್ದು ನಿಜ ಎಂದು ಅವರು ಒಪ್ಪಿಕೊಂಡರು. ಆದರೂ ಹೆಂಗಸರ ದುಡಿಮೆಯಿಂದ ಲಾಭ ಪಡೆಯುವ ಮಾಲೀಕ ಕೈತೊಳೆದುಕೊಳ್ಳುವಂತಿಲ್ಲ ಎಂಬುದು ಅವರ ವಾದವಾಗಿತ್ತು.

1929ರಲ್ಲಿ ಕಾಯಿದೆ ಬಂತು. ಅದು ಗೊತ್ತುಮಾಡಿದ ಮೊತ್ತ ದಿನಕ್ಕೆ ಎಂಟಾಣೆ. 1930ರ ದಶಕದಲ್ಲಿ ಮದ್ರಾಸು ಪ್ರಾಂತ, ಮೈಸೂರು ಸಂಸ್ಥಾನಗಳೂ ಸೇರಿ ಹಲವೆಡೆ ಇಂಥ ಕಾನೂನುಗಳಾದವು. ಎಂಟಾಣೆಯ ಗುಣ ಅದರ ಸರಳತೆ, ಗುಮಾಸ್ತನಿಗೆ ತಲೆನೋವಿಲ್ಲ. ದೋಷವೂ ಅಲ್ಲೇ ಇತ್ತು. ಎರಡನೆಯ ಮಹಾಯುದ್ಧದಲ್ಲಿ ಬೆಲೆಗಳು ಏರಿದಂತೆ ಗಿರಣಿಗಳ ಸಂಬಳಕ್ಕೆ ತುಟ್ಟಿಭತ್ಯೆ ಸೇರುತ್ತ ಹೋಗಿ, ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ಅದು ಮೂಲವೇತನವನ್ನೇ ಮೀರಿಸಿತು. ನಿಗದಿತ ಆಣೆಗಳ ಲೆಕ್ಕ ಅಂಥ ಕಾಲಕ್ಕೆ ಹೊಂದುವಂತಿರಲಿಲ್ಲ.

ಸರ್ಕಾರಿ ನೌಕರರ ಲೋಕದಲ್ಲಿ ಇದೇ ಪ್ರಶ್ನೆಗೆ ಬೇರೆ ತರ್ಕವಿತ್ತು. 1922ರ ಜನವರಿಯಲ್ಲಿ ಜಾರಿಗೆ ಬಂದ ಮೂಲಭೂತ ನಿಯಮಗಳು ವೇತನ ಬೇರೆ, ಭತ್ಯೆ ಬೇರೆ ಎಂದು ಗೆರೆ ಎಳೆದವು. ಕರ್ತವ್ಯ ಮಾಡುವ ವಿಶೇಷ ಸಂದರ್ಭದಿಂದ ನೌಕರನಿಗೆ ಬೀಳುವ ಖರ್ಚನ್ನು ತುಂಬಿಕೊಡುವುದಷ್ಟೇ ಪರಿಹಾರ ಭತ್ಯೆಯ ಕೆಲಸ; ಅದು ಲಾಭದ ಮೂಲವಾಗಬಾರದು. ಈ ತರ್ಕ ಇಂದಿಗೂ ಬದುಕಿದೆ. ಕೇಂದ್ರ ನೌಕರರು ಇಡೀ ಕ್ಯಾಲೆಂಡರ್ ತಿಂಗಳು ರಜೆಯಲ್ಲಿದ್ದರೆ ಆ ತಿಂಗಳ ಸಾರಿಗೆ ಭತ್ಯೆ ಸಿಗುವುದಿಲ್ಲ: ಕಚೇರಿಗೆ ಹೋಗದವರಿಗೆ ಹೋಗುವ ಖರ್ಚಿಲ್ಲ. ಮನೆ ಬಾಡಿಗೆಯ ಮಾತು ಹಾಗಲ್ಲ. ಕಾಯಿಲೆ ಬಿದ್ದವರೂ ಬಾಣಂತಿಯರೂ ಬಾಡಿಗೆ ಕಟ್ಟಲೇಬೇಕು. ಆದ್ದರಿಂದ ಆ ಭತ್ಯೆ ಒಂದು ಮಿತಿಯವರೆಗೆ ರಜೆಯಲ್ಲೂ ಮುಂದುವರಿಯುತ್ತದೆ. ಅರ್ಧವೇತನ ರಜೆಯಲ್ಲಿ ತುಟ್ಟಿಭತ್ಯೆಯೂ ರಜಾ ವೇತನದ ಮೇಲೆಯೇ ಲೆಕ್ಕವಾಗಿ ಇಳಿಯುತ್ತದೆ. ವೈದ್ಯಕೀಯ ಪ್ರಮಾಣಪತ್ರ ಕೊಟ್ಟು ಆ ರಜೆಯನ್ನು ಪರಿವರ್ತಿತ ರಜೆಯಾಗಿ ಪಡೆದರೆ ಪೂರ್ಣ ವೇತನ ಬರುತ್ತದೆ, ಆದರೆ ರಜಾ ಖಾತೆಯಿಂದ ಎರಡು ಪಟ್ಟು ದಿನಗಳು ಕಳೆಯುತ್ತವೆ.

ಕಾರ್ಖಾನೆ ಕಾರ್ಮಿಕರ ಕಾಯಿಲೆಯ ಸಂಬಳಕ್ಕೆ ವಿಮೆಯ ದಾರಿ ತೋರಿಸಿದವರು ಪ್ರೊ. ಬಿ. ಪಿ. ಅಡಾರ್ಕರ್. 1943ರಲ್ಲಿ ನೇಮಕಗೊಂಡು ಅವರು ಸಿದ್ಧಪಡಿಸಿದ ವರದಿಯೇ 1948ರ ನೌಕರರ ರಾಜ್ಯ ವಿಮಾ ಕಾಯಿದೆಗೆ ತಳಹದಿ. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾದ ಈ ವಿಮಾ ಯೋಜನೆ, ಅಂದರೆ ಇಎಸ್‌ಐ 1958ರಲ್ಲಿ ಬೆಂಗಳೂರಿಗೆ ಬಂತು. ಈ ಯೋಜನೆಯಲ್ಲಿ ರಜೆಯ ಹಣ ಕೊಡುವುದು ಮಾಲೀಕನಲ್ಲ, ಇಎಸ್‌ಐ ನಿಗಮ. ಈಗ ಕಾಯಿಲೆಗೆ ವೇತನದ ಶೇ. 70ರಷ್ಟು, ವರ್ಷಕ್ಕೆ ಗರಿಷ್ಠ 91 ದಿನ; ಹೆರಿಗೆಗೆ ಪೂರ್ತಿ ವೇತನ. ಯಾವುದು ವೇತನ ಎಂಬ ಪ್ರಶ್ನೆ ಇಲ್ಲೂ ತಪ್ಪಲಿಲ್ಲ. ಎರಡು ತಿಂಗಳಿಗಿಂತ ಹೆಚ್ಚಿನ ಅಂತರದಲ್ಲಿ ಕೊಡುವ ಹೆಚ್ಚುವರಿ ಸಂಭಾವನೆ 1948ರ ಕಾಯಿದೆಯ ವ್ಯಾಖ್ಯೆಯೊಳಗೆ ಬರುತ್ತಿರಲಿಲ್ಲ. ಮೂರು ತಿಂಗಳಿಗೊಮ್ಮೆ ಕೊಡುವ ಉತ್ಪಾದನಾ ಪ್ರೋತ್ಸಾಹಧನ ವೇತನವಲ್ಲವೆಂದು ಸುಪ್ರೀಂ ಕೋರ್ಟು 2000ದಲ್ಲಿ ಹೇಳಿತು. ಮಾಲೀಕನ ವಂತಿಗೆ ಅಷ್ಟರಮಟ್ಟಿಗೆ ಇಳಿಯಿತು. ಕಾರ್ಮಿಕನ ಕಾಯಿಲೆಯ ಹಣವೂ ಇಳಿಯಿತು.

1961ರ ಹೆರಿಗೆ ಸೌಲಭ್ಯ ಕಾಯಿದೆ ಪ್ರಾಂತಗಳ ಚದುರಿದ ಕಾನೂನುಗಳ ಜಾಗಕ್ಕೆ ಬಂತು. ಬಿಡುವು ಹನ್ನೆರಡು ವಾರ. ದಿನದ ದರ ಗೊತ್ತುಮಾಡುವುದು ರಜೆಗೆ ಹಿಂದಿನ ಮೂರು ತಿಂಗಳಲ್ಲಿ ದುಡಿದ ದಿನಗಳ ಸರಾಸರಿಯಿಂದ. ಅದರ ವೇತನದ ವ್ಯಾಖ್ಯೆ ಉದಾರವಾದದ್ದು: ತುಟ್ಟಿಭತ್ಯೆ, ಮನೆ ಬಾಡಿಗೆ ಸೇರಿದಂತೆ ನಗದು ಭತ್ಯೆಗಳು, ಪ್ರೋತ್ಸಾಹ ಬೋನಸ್ಸು, ರಿಯಾಯಿತಿ ದರದಲ್ಲಿ ಸಿಗುವ ಧಾನ್ಯದ ಬೆಲೆ ಕೂಡ ಒಳಗೆ. ಓಟಿ ಹಣ, ಬೇರೆ ಬೋನಸ್ಸು, ಭವಿಷ್ಯನಿಧಿಯ ವಂತಿಗೆ, ಗ್ರಾಚ್ಯುಟಿ ಹೊರಗೆ.

ದರ ಸ್ಪಷ್ಟವಾದರೂ ದಿನಗಳ ಎಣಿಕೆಯಲ್ಲಿ ಜಗಳ ಎದ್ದಿತು. 1967ರ ಡಿಸೆಂಬರಿನಲ್ಲಿ ಹೆತ್ತ ತಮಿಳುನಾಡಿನ ತೋಟದ ಕೂಲಿಯೊಬ್ಬಳಿಗೆ ತೋಟದವರು 72 ದಿನಗಳ ಹಣ ಕೊಟ್ಟರು. ಭಾನುವಾರ ದುಡಿಮೆಯೂ ಇಲ್ಲ, ಕೂಲಿಯೂ ಇಲ್ಲ. ಹಾಗಾಗಿ ಹನ್ನೆರಡು ವಾರಗಳ ಹನ್ನೆರಡು ಭಾನುವಾರ ಬಿಟ್ಟೆವು ಎಂಬುದು ಅವರ ಲೆಕ್ಕ. ಆಕೆ ಕೇಳಿದ್ದು 84 ದಿನದ್ದು. ಕೊಯಮತ್ತೂರಿನ ಕಾರ್ಮಿಕ ನ್ಯಾಯಾಲಯದಿಂದ ಹೊರಟ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಏರಿ, 1977ರಲ್ಲಿ ಬಿ. ಷಾ ಪ್ರಕರಣವೆಂಬ ಹೆಸರಿನಲ್ಲಿ ತೀರ್ಮಾನವಾಯಿತು. ವಾರವೆಂದರೆ ಏಳು ದಿನಗಳ ಸುತ್ತು, ಅದರಲ್ಲಿ ಭಾನುವಾರವೂ ಸೇರಿದೆ. ತಾಯಿಯ ಹೊಟ್ಟೆಪಾಡಿಗಾಗಿ ಮಾಡಿದ ಕಾನೂನನ್ನು ಆಕೆಗೆ ನೆರವಾಗುವಂತೆಯೇ ಓದಬೇಕು ಎಂದು ಕೋರ್ಟು ಹೇಳಿತು. ವ್ಯಾಜ್ಯದ ಮೊತ್ತ ಹನ್ನೆರಡು ದಿನದ ಕೂಲಿ. ತೀರ್ಪಿಗೆ ಹಿಡಿದದ್ದು ಒಂಬತ್ತು ವರ್ಷಕ್ಕೂ ಹೆಚ್ಚು.

ಆಮೇಲಿನ ದಶಕಗಳ ಸುದ್ದಿಯೆಲ್ಲ ಹೆಚ್ಚಾಗಿ ಅವಧಿಯದ್ದೇ. ಕೇಂದ್ರ ನೌಕರರ ಹೆರಿಗೆ ರಜೆ 90 ದಿನದಿಂದ 135ಕ್ಕೆ, 2008ರಲ್ಲಿ 180ಕ್ಕೆ ಏರಿತು. ತಂದೆಗೆ 15 ದಿನ ಸಿಕ್ಕಿತು. 730 ದಿನಗಳ ಶಿಶುಪಾಲನಾ ರಜೆ ಬಂತು. ಏಳನೆಯ ವೇತನ ಆಯೋಗದ ನಂತರ ಅದರ ಮೊದಲ 365 ದಿನಕ್ಕೆ ಪೂರ್ಣ ವೇತನ, ಉಳಿದದ್ದಕ್ಕೆ ಶೇ. 80 ಎಂದಾಯಿತು. ಕರ್ನಾಟಕ ಸರ್ಕಾರವೂ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟಿತು. ಖಾಸಗಿ ವಲಯದಲ್ಲಿ 2017ರ ತಿದ್ದುಪಡಿ ಹನ್ನೆರಡು ವಾರವನ್ನು ಇಪ್ಪತ್ತಾರಕ್ಕೆ ಏರಿಸಿತು. ಇಎಸ್‌ಐ ಇಲ್ಲದ ಕಡೆ ಆ ಇಪ್ಪತ್ತಾರು ವಾರಗಳ ಪೂರ್ತಿ ಹೊರೆ ಮಾಲೀಕನ ಮೇಲೆಯೇ ಬಿತ್ತು. ಹೊರೆ ಹಂಚಿಕೊಳ್ಳಬೇಕೆಂದು 1928ರಲ್ಲೇ ಕೇಳಿಬಂದ ಮಾತಿಗೆ ಕಾಯಿದೆಯಲ್ಲಿ ಜಾಗ ಸಿಗಲಿಲ್ಲ. ಏಳು ವಾರಗಳ ವೇತನವನ್ನು ಮಾಲೀಕರಿಗೆ ಮರಳಿಸುವ ಆಲೋಚನೆಯಿದೆ ಎಂದು ಕೇಂದ್ರ ಕಾರ್ಮಿಕ ಸಚಿವಾಲಯ 2018ರ ನವೆಂಬರಿನಲ್ಲಿ ಹೇಳಿತ್ತು.

2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಾಗ ಪ್ರಶ್ನೆ ಮತ್ತೆ ಭತ್ಯೆಗೇ ಬಂದು ನಿಂತಿತು. ವಾರಗಳು ಇಪ್ಪತ್ತಾರೇ, ವೇತನದ ವ್ಯಾಖ್ಯೆ ಬೇರೆ. ಮೂಲವೇತನ, ತುಟ್ಟಿಭತ್ಯೆ, ಉಳಿಸಿಕೊಳ್ಳುವ ಭತ್ಯೆ (ರಿಟೈನಿಂಗ್ ಅಲೋಯನ್ಸ್) ಒಳಗಿದ್ದು, ಮನೆ ಬಾಡಿಗೆಯೂ ಪ್ರಯಾಣ ಭತ್ಯೆಯೂ ಹೊರಗೆ ಹೋದವು. ಹೀಗೆ ಹೊರಗಿಟ್ಟದ್ದು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮಿಕ್ಕಿದ ಭಾಗ ವೇತನಕ್ಕೆ ಸೇರುತ್ತದೆ. ತಿಂಗಳಿಗೆ 40,000 ರೂಪಾಯಿ ಪಡೆಯುವವಳ ಮೂಲವೇತನ ಮತ್ತು ತುಟ್ಟಿಭತ್ಯೆ 16,000, ಬಾಡಿಗೆ ಮತ್ತು ಪ್ರಯಾಣ ಭತ್ಯೆ 24,000 ಎಂದಿಟ್ಟುಕೊಂಡರೆ, ಮಿತಿ ಮೀರಿದ 4,000 ಒಳಗೆ ಬಂದು ಆಕೆಯ ವೇತನ 20,000 ಆಗುತ್ತದೆ. 1961ರ ವ್ಯಾಖ್ಯೆಯಲ್ಲಿ ಹೆರಿಗೆ ಹಣದ ಲೆಕ್ಕಕ್ಕೆ ಆ ಭತ್ಯೆಗಳೂ ಸೇರಿ ಇಡೀ 40,000 ರೂಪಾಯಿಯೇ ಬರುತ್ತಿತ್ತು.