ಜೀವಿಗಳಲ್ಲಿ ರಂಜಕ: ಮೂತ್ರದಿಂದ ಸ್ನಾಯುವಿನವರೆಗೆ ಒಂದು ಶೋಧದ ಚರಿತ್ರೆ

ಪ್ರೌಢ ಮಾನವ ಶರೀರದಲ್ಲಿರುವ ರಂಜಕದ ಪ್ರಮಾಣ ಸುಮಾರು 700 ಗ್ರಾಂ. ಅಂದರೆ ದೇಹದ ತೂಕದ ಶೇ. 1ರಷ್ಟು. ಇದರಲ್ಲಿ ಶೇ. 85ರಷ್ಟು ಭಾಗ ಕ್ಯಾಲ್ಸಿಯಂನೊಡನೆ ಕೂಡಿ ಮೂಳೆ ಮತ್ತು ಹಲ್ಲುಗಳಲ್ಲಿ ನೆಲೆಸಿದೆ. ಜೀವಕೋಶಗಳಲ್ಲಿ ಹರಡಿಕೊಂಡಿರುವ ಉಳಿದ ಅಲ್ಪಭಾಗವೇ ದೇಹದ ಚಲನೆಗೂ ಆನುವಂಶಿಕತೆಗೂ ಆಧಾರವಾಗಿದೆ. ಈ ಸಂಗತಿ ಸ್ಪಷ್ಟವಾಗಲು ಎರಡೂವರೆ ಶತಮಾನಗಳಿಗೂ ಮಿಗಿಲಾದ ಕಾಲ ಹಿಡಿಯಿತು.

ರಂಜಕದ ಚರಿತ್ರೆ ಆರಂಭವಾಗುವುದೇ ಮಾನವ ದೇಹದಿಂದ. ಹ್ಯಾಂಬರ್ಗಿನ ರಸವಾದಿ ಹೆನ್ನಿಗ್ ಬ್ರಾಂಡ್ 1669ರಲ್ಲಿ ಚಿನ್ನದ ಆಸೆಯಿಂದ ಮೂತ್ರವನ್ನು ಬತ್ತಿಸಿ ಕಾಯಿಸಿದಾಗ ಕತ್ತಲಲ್ಲಿ ಹೊಳೆಯುವ ವಸ್ತುವೊಂದು ದೊರೆಯಿತು. ಸುಮಾರು ನೂರು ವರ್ಷಗಳ ಅನಂತರ ಸ್ವೀಡನ್ನಿನ ಗಾನ್ ಮತ್ತು ಶೀಲೆ ಅವರು ಮೂಳೆಯಲ್ಲಿ ರಂಜಕವಿರುವುದನ್ನು ತೋರಿಸಿದರು. 1869ರಲ್ಲಿ ಟ್ಯೂಬಿಂಗನ್ನಿನಲ್ಲಿ ಫ್ರೀಡ್ರಿಕ್ ಮೀಷರ್, ಗಾಯದ ಬಟ್ಟೆಗಳ ಕೀವಿನಿಂದ ಪಡೆದ ಶ್ವೇತ ರಕ್ತಕಣಗಳ ಕೋಶಕೇಂದ್ರದಲ್ಲಿ ರಂಜಕಯುಕ್ತ ವಸ್ತುವೊಂದನ್ನು ಗುರುತಿಸಿ ‘ನ್ಯೂಕ್ಲಿನ್’ ಎಂದು ಕರೆದನು. ಇಂದು ಡಿಎನ್‌ಎ ಎಂದು ತಿಳಿದಿರುವ ವಸ್ತುವಿನ ಮೊದಲ ಪರಿಚಯ ಅದು.

ಆದರೆ ಸ್ನಾಯುವಿನ ಚಲನೆಗೂ ರಂಜಕಕ್ಕೂ ಇರುವ ಸಂಬಂಧ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿಯೂ ತಿಳಿದಿರಲಿಲ್ಲ. ಲ್ಯಾಕ್ಟಿಕ್ ಆಮ್ಲದ ಉತ್ಪತ್ತಿಯೇ ಸ್ನಾಯುಸಂಕೋಚನಕ್ಕೆ ಕಾರಣವೆಂಬ ಅಭಿಪ್ರಾಯ ಪ್ರಬಲವಾಗಿತ್ತು. ಸ್ನಾಯುಗಳ ಅಧ್ಯಯನಕ್ಕಾಗಿ 1922ರ ನೊಬೆಲ್ ಪ್ರಶಸ್ತಿ ಪಡೆದ ಎ.ವಿ. ಹಿಲ್ ಮತ್ತು ಆಟೊ ಮೈಯರ್‌ಹಾಫ್ ಅವರ ಪ್ರತಿಷ್ಠೆಯೂ ಅದರ ಬೆಂಬಲಕ್ಕಿತ್ತು.

ಈ ಅಭಿಪ್ರಾಯವನ್ನು ಅಲುಗಿಸಿದ್ದು ಅಳತೆಯ ವಿಧಾನವೊಂದು. ಭೀಮವರಂನಲ್ಲಿ 1895ರಲ್ಲಿ ಜನಿಸಿ, ಮದರಾಸಿನಲ್ಲಿ ವೈದ್ಯಕೀಯ ಶಿಕ್ಷಣ ಪಡೆದ ಯಲ್ಲಾಪ್ರಗಡ ಸುಬ್ಬರಾವ್ ಅವರು ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಅವರೊಡನೆ 1925ರಲ್ಲಿ ರಂಜಕವನ್ನು ಅಳೆಯುವ ವರ್ಣಮಾಪನ ಕ್ರಮವನ್ನು ಪ್ರಕಟಿಸಿದರು. ಫಾಸ್ಫೇಟ್ ಮಾಲಿಬ್ಡೇಟ್‌ನೊಡನೆ ಕೂಡಿ, ಅಪಕರ್ಷಣಗೊಂಡಾಗ ನೀಲಿಬಣ್ಣ ತಾಳುತ್ತದೆ. ಬಣ್ಣದ ಗಾಢತೆಯೇ ಪ್ರಮಾಣದ ಸೂಚಕ. ಸ್ನಾಯುವಿನ ಸಾರದಲ್ಲಿ ಮಾತ್ರ ಈ ಬಣ್ಣ ನಿರೀಕ್ಷೆಗಿಂತ ತಡವಾಗಿ ಮೂಡುತ್ತಿತ್ತು. ಇದನ್ನು ಪ್ರಯೋಗದೋಷವೆಂದು ತಳ್ಳಿಹಾಕದೆ ಬೆನ್ನುಹತ್ತಿದ ಅವರಿಗೆ, ಸುಲಭವಾಗಿ ಒಡೆಯುವ ಸಂಯುಕ್ತವೊಂದು ಫಾಸ್ಫೇಟನ್ನು ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತಿರುವುದು ತಿಳಿಯಿತು. ಅದೇ 1927ರಲ್ಲಿ ಪ್ರಕಟವಾದ ಫಾಸ್ಫೋಕ್ರಿಯಾಟಿನ್. ಸ್ನಾಯು ದುಡಿದಾಗ ಅದು ಒಡೆಯುತ್ತದೆ. ವಿಶ್ರಾಂತಿಯಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಅದೇ ವರ್ಷ ಇಂಗ್ಲೆಂಡಿನ ಎಗಲ್‌ಟನ್ ದಂಪತಿಗಳೂ ಸ್ವತಂತ್ರವಾಗಿ ಈ ಸಂಯುಕ್ತವನ್ನು ಗುರುತಿಸಿ ‘ಫಾಸ್ಫಜೆನ್’ ಎಂದು ಹೆಸರಿಸಿದ್ದರು.

1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಹಾಗೂ ಹಾರ್ವರ್ಡ್‌ನ ಫಿಸ್ಕ್ ಮತ್ತು ಸುಬ್ಬರಾವ್ ಪ್ರತ್ಯೇಕವಾಗಿ ಅಡೆನೋಸಿನ್ ಟ್ರೈಫಾಸ್ಫೇಟನ್ನು (ಎಟಿಪಿ) ಸ್ನಾಯುವಿನಲ್ಲಿ ಕಂಡುಹಿಡಿದರು. ಲ್ಯಾಕ್ಟಿಕ್ ಆಮ್ಲ ಉತ್ಪತ್ತಿಯಾಗದಂತೆ ತಡೆದಾಗಲೂ ಸ್ನಾಯು ಸಂಕೋಚಿಸಬಲ್ಲದೆಂದು ಡೆನ್ಮಾರ್ಕಿನ ಐನರ್ ಲುಂಡ್ಸ್‌ಗಾರ್ಡ್ 1930ರಲ್ಲಿ ತೋರಿಸಿದ ಮೇಲೆ ಹಳೆಯ ಸಿದ್ಧಾಂತ ನಿಲ್ಲಲಿಲ್ಲ. ಸ್ವತಃ ಹಿಲ್ ಅವರೇ 1932ರಲ್ಲಿ ಈ ಬದಲಾವಣೆಯನ್ನು ಕ್ರಾಂತಿಯೆಂದು ಒಪ್ಪಿಕೊಂಡರು. 1941ರಲ್ಲಿ ಫ್ರಿಟ್ಸ್ ಲಿಪ್‌ಮನ್ ಜೀವಕೋಶದ ಶಕ್ತಿವಿನಿಮಯದಲ್ಲಿ ಫಾಸ್ಫೇಟ್ ಬಂಧಗಳ ಪಾತ್ರವನ್ನು ಸಮಗ್ರವಾಗಿ ನಿರೂಪಿಸಿದರು.

ಎಟಿಪಿಯ ಶೋಧದ ಕೀರ್ತಿಯನ್ನು ಸುಬ್ಬರಾವ್ ಅವರೊಬ್ಬರಿಗೇ ಸಲ್ಲಿಸುವುದಾಗಲಿ, ಅವರ ಹೆಸರನ್ನು ಕೈಬಿಟ್ಟು ಲೋಮನ್ ಅವರೊಬ್ಬರನ್ನೇ ನೆನೆಯುವುದಾಗಲಿ ಚರಿತ್ರೆಗೆ ನ್ಯಾಯ ಒದಗಿಸದು. ಎರಡು ಪ್ರಯೋಗಾಲಯಗಳು ಒಂದೇ ಕಾಲದಲ್ಲಿ ಒಂದೇ ಸತ್ಯವನ್ನು ತಲುಪಿದವು. ಸುಬ್ಬರಾವ್ 1940ರಲ್ಲಿ ಹಾರ್ವರ್ಡ್ ತೊರೆದು ಔಷಧ ಸಂಶೋಧನೆಗೆ ತೊಡಗಿ, 1948ರಲ್ಲಿ ನಿಧನರಾದರು. ತಡವಾಗಿ ಮೂಡಿದ ನೀಲಿಬಣ್ಣವನ್ನು ಕಡೆಗಣಿಸದ ಅವರ ಮತ್ತು ಫಿಸ್ಕ್ ಅವರ ಎಚ್ಚರ, ಜೀವರಸಾಯನ ವಿಜ್ಞಾನದ ಚರಿತ್ರೆಯಲ್ಲಿ ಅಳತೆಯ ಸೂಕ್ಷ್ಮತೆಗೆ ಇರುವ ಸ್ಥಾನವನ್ನು ಎತ್ತಿತೋರಿಸುತ್ತದೆ.