ಒಂದೇ ಕಾಯಿಲೆ, ಮನೆಗೊಂದು ಗುಳಿಗೆ: ಯಾಕೆ?

1/4
ನಮ್ಮ ಜುಗೂಳದಾಗ ಸಕ್ಕರೆ ಕಾಯಿಲೆ ಇರೋರು ಇಬ್ಬರು ಕೂತ್ರ ಸಾಕು, "ನನಗ ಈ ಗುಳಿಗಿ ಛಲೋ ಆಗೈತಿ, ನೀನೂ ತಗೊ" ಅನ್ನೋ ಮಾತು ಬಂದೇ ಬರತೈತಿ. ಆದರೆ ಒಬ್ಬರ ಚೀಟಿ ಇನ್ನೊಬ್ಬರಿಗೆ ನಡೆಯಲ್ಲ. ಅದಕ್ಕೆ ಕಾರಣ ಆ ಗುಳಿಗೆಗಳ ಇತಿಹಾಸದಲ್ಲೇ ಇದೆ.

ಮೊದಲು ಆಯ್ಕೆ ಅನ್ನೋದೇ ಇರಲಿಲ್ಲ. 1922ರ ಜನವರಿಯಲ್ಲಿ ಟೊರಾಂಟೊದ 14 ವರ್ಷದ ಹುಡುಗ ಲಿಯೊನಾರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ ಚುಚ್ಚಿದರು. ಅಲ್ಲಿಯವರೆಗೆ ಇಂಥ ಮಕ್ಕಳಿಗೆ ಅರೆಹೊಟ್ಟೆ ಪಥ್ಯವೇ ಔಷಧ.

2/4
ಗುಳಿಗೆ ಸಿಕ್ಕಿದ್ದು ಆಕಸ್ಮಿಕ. 1942, ಫ್ರಾನ್ಸಿನ ಮೊಂಪೆಲಿಯೆ. ಡಾಕ್ಟರ್ ಮಾರ್ಸೆಲ್ ಜಾನ್ಬೋನ್ ಟೈಫಾಯ್ಡ್‌ಗೆ ಅಂತ ಹೊಸ ಸಲ್ಫಾ ಔಷಧ ಕೊಟ್ಟರೆ, ರೋಗಿಗಳ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಿತು! ಅದೇ ವಂಶದ್ದು ಇವತ್ತಿನ ಗ್ಲಿಮೆಪಿರೈಡ್. ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತೆ, ರೇಟೂ ಕಡಿಮೆ. ಆದರೆ ಹುಟ್ಟುಗುಣ ಬಿಟ್ಟಿಲ್ಲ. ಬೆಳಿಗ್ಗೆ ಗುಳಿಗೆ ನುಂಗಿ, ಕಬ್ಬು ಕಡಿಯಾಕ ಹೋಗಿ, ಮಧ್ಯಾಹ್ನ ಮೂರಾದ್ರೂ ರೊಟ್ಟಿ ತಿನ್ನದಿದ್ರೆ ಕೈ ನಡುಗಿ, ಬೆವತು, ಬೀಳಬಹುದು. ವಯಸ್ಸಾದವರಿಗೆ ಇನ್ನೂ ಅಪಾಯ. "ಊಟದ ಟೈಮ್ ಯಾವುದು?" ಅಂತ ಡಾಕ್ಟರ್ ಕೇಳೋದು ಸುಮ್ಮನೆ ಅಲ್ಲ ರೀ.

3/4
ಈಗ ಮೆಟ್‌ಫಾರ್ಮಿನ್. ಇದರ ಮೂಲ ಗಲೇಗಾ ಅನ್ನೋ ಯುರೋಪಿನ ಗಿಡ. 1922ರಲ್ಲೇ ಡಬ್ಲಿನ್‌ನಲ್ಲಿ ತಯಾರಾಗಿತ್ತು, ಯಾರೂ ಕೇಳಲಿಲ್ಲ. 1957ರಲ್ಲಿ ಪ್ಯಾರಿಸ್‌ನ ಜಾನ್ ಸ್ಟರ್ನ್ ಸಕ್ಕರೆ ಕಾಯಿಲೆಗೆ ಇದು ಕೆಲಸ ಮಾಡುತ್ತೆ ಅಂತ ಬರೆದರು. ಅಷ್ಟರಲ್ಲಿ ಇದರ ಅಕ್ಕ ಫೆನ್‌ಫಾರ್ಮಿನ್ ರಕ್ತದಲ್ಲಿ ಆಮ್ಲ ಏರಿಸಿ ಜೀವ ತೆಗೀತು. 1977ರಲ್ಲಿ ಅಮೆರಿಕ ಅದನ್ನು ನಿಲ್ಲಿಸಿತು. ಅಕ್ಕನ ತಪ್ಪಿಗೆ ತಂಗಿಗೆ ಶಿಕ್ಷೆ: ಮೆಟ್‌ಫಾರ್ಮಿನ್‌ಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 1994ರ ಕೊನೆಗೆ. 1998ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನ, ತೂಕ ಹೆಚ್ಚಿದ್ದ ರೋಗಿಗಳಲ್ಲಿ ಇದು ಹೃದಯಾಘಾತ, ಸಾವು ಎರಡನ್ನೂ ತಗ್ಗಿಸಿದ್ದನ್ನು ತೋರಿಸಿದ ಮೇಲೆ ಮೊದಲ ಗುಳಿಗೆಯ ಸ್ಥಾನ ಗಟ್ಟಿಯಾಯಿತು. ಆದರೂ ಕಿಡ್ನಿ ತೀರಾ ಸೋತಿದ್ದರೆ ಇದನ್ನು ಕೊಡಲ್ಲ. ಕ್ರಿಯಾಟಿನಿನ್ ಟೆಸ್ಟ್ ಬರೆದಾಗ "ಸುಮ್ನ ಬಿಲ್ ಏರಸ್ತಾರ" ಅಂತ ಬೈಯೋ ಮುಂಚೆ ಇದು ನೆನಪಿರಲಿ.

4/4
ಸಕ್ಕರೆ ಇಳಿದರೆ ಸಾಕೇ? ಸಾಲದು ಅಂತ ಕಲಿಸಿದ್ದು ರೊಸಿಗ್ಲಿಟಜೋನ್. ಹೃದಯಕ್ಕೆ ಅಪಾಯ ಅನ್ನೋ ಕಾರಣಕ್ಕೆ 2010ರಲ್ಲಿ ಭಾರತ ಅದನ್ನು ನಿಷೇಧಿಸಿತು. ಹೊಸ ಗುಳಿಗೆ ಹೃದಯಕ್ಕೆ ಸುರಕ್ಷಿತ ಅಂತ ತೋರಿಸಬೇಕು ಅನ್ನೋ ನಿಯಮವನ್ನು ಅಮೆರಿಕ 2008ರಲ್ಲೇ ತಂದಿತ್ತು. ಹಾಗೆ ಪರೀಕ್ಷೆ ಮಾಡಿದಾಗ 2015ರಲ್ಲಿ ಎಂಪಾಗ್ಲಿಫ್ಲೋಜಿನ್, ಮೊದಲೇ ಹೃದ್ರೋಗ ಇದ್ದವರ ಸಾವನ್ನೇ ಕಡಿಮೆ ಮಾಡಿದ್ದು ಕಂಡಿತು. ಹಾಗಾಗಿ ಈಗ ಡಾಕ್ಟರ್ ಸಕ್ಕರೆ ಅಂಕಿ ಜೊತೆ ಹೃದಯ, ಕಿಡ್ನಿ, ತೂಕ ಎಲ್ಲ ನೋಡ್ತಾರೆ.

ಕೊನೆಗೆ ಜೇಬು. ಬಿಕಾಂ ಓದೋ ನನಗೆ ಇದೇ ದೊಡ್ಡ ಅಧ್ಯಾಯ. 2004ರಲ್ಲಿ ಬೆಂಗಳೂರಿನ ಬಯೋಕಾನ್ ಇನ್ಸುಜೆನ್ ತಂದಾಗ ನಮ್ಮ ನೆಲದ್ದೇ ಇನ್ಸುಲಿನ್ ಕೈಗೆ ಬಂತು. ಎಂಪಾಗ್ಲಿಫ್ಲೋಜಿನ್ ಪೇಟೆಂಟ್ ಭಾರತದಲ್ಲಿ 2025ರ ಮಾರ್ಚ್‌ನಲ್ಲಿ ಮುಗಿಯಿತು. ಹತ್ತಾರು ಕಂಪನಿಗಳು ಇಳಿದವು, ರೇಟೂ ಇಳೀತು. ಹಿಂದೆ ದುಬಾರಿ ಅಂತ ಬಿಟ್ಟವರು ಈ ಸಲ ಮಿರಜಕ್ಕೋ ಬೆಳಗಾವಿಗೋ ಹೋದಾಗ ಹಳೇ ಚೀಟಿ, ಕಿಡ್ನಿ ರಿಪೋರ್ಟ್ ಹಿಡ್ಕೊಂಡು ಹೋಗಿ ಡಾಕ್ಟರ್‌ನ ಮತ್ತೊಮ್ಮೆ ಕೇಳ್ರಿ.

#ಜುಗೂಳ #ಕಾಗವಾಡ #ಔಷಧದಕಥೆ