ಕರ್ನಾಟಕದ ಫುಟ್‌ಬಾಲ್ ತರಬೇತುದಾರರು: ಕ್ಲಬ್ಬಿನಿಂದ ಕ್ಲಬ್ಬಿಗೆ

ಫುಟ್‌ಬಾಲ್ ತಂಡಕ್ಕೆ ಅಭ್ಯಾಸ ಮಾಡಿಸಿ, ಪಂದ್ಯದ ದಿನ ಯಾರು ಆಡಬೇಕು, ಯಾರು ಬೆಂಚಿನಲ್ಲಿ ಕೂರಬೇಕು ಎಂದು ತೀರ್ಮಾನಿಸುವವರು ತರಬೇತುದಾರರು. ಇಂಗ್ಲೆಂಡಿನಲ್ಲಿ ಇದರ ಜೊತೆಗೆ ಆಟಗಾರರ ಖರೀದಿ, ಮಾರಾಟದಲ್ಲೂ ಮಾತು ನಡೆಯುವವರನ್ನು ಮ್ಯಾನೇಜರ್ ಎನ್ನುತ್ತಾರೆ. ನಮ್ಮಲ್ಲಿ ಮ್ಯಾನೇಜರ್ ಬಹುಪಾಲು ಟಿಕೆಟ್ಟು, ವಸತಿ, ಕಾಗದಪತ್ರ ನೋಡಿಕೊಳ್ಳುವವರು. ಒಂದು ಕ್ಲಬ್ಬಿನಲ್ಲಿ ಗೆದ್ದ ತರಬೇತುದಾರರು ಇನ್ನೊಂದರಲ್ಲೂ ಗೆಲ್ಲುವುದು ಯಾವುದರ ಬಲದಿಂದ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಸಿಗುವ ಪುರಾವೆ ಹೆಚ್ಚಾಗಿ 2013ರ ಈಚಿನದು. ಕಪ್ ಎತ್ತಿದ ದಿನ ಕುರ್ಚಿಯಲ್ಲಿದ್ದವರ ಖಾತೆಗೇ ಇಡೀ ಗೆಲುವನ್ನು ಜಮಾ ಮಾಡುವ ರೂಢಿಯಿಂದಾಗಿ ಆ ಪುರಾವೆಯೂ ಗೋಜಲಾಗಿದೆ. ತಂಡ ಕಟ್ಟಿದವರು ಒಬ್ಬರು, ಗೆಲ್ಲಿಸಿದವರು ಇನ್ನೊಬ್ಬರು ಆದ ಪ್ರಸಂಗಗಳು ಇಲ್ಲಿ ಹಲವು ಇವೆ. ಈ ಲೇಖನದ ಹೆಚ್ಚಿನ ಭಾಗ ಅವುಗಳಿಗೇ ಮೀಸಲು.

ರಾಜ್ಯದಲ್ಲಿ ಈ ಆಟ ಬಹುಕಾಲ ಬೆಂಗಳೂರಿನ ದಂಡುಪ್ರದೇಶದ ಸುತ್ತಮುತ್ತಲೇ ಉಳಿಯಿತು. ಉತ್ತರ ಕರ್ನಾಟಕದ ಮರೋಳ, ಹುನಗುಂದ, ಇಳಕಲ್ಲ ಸೀಮೆಯಲ್ಲಿ ಆಟ ಕಲಿಸುವವರೆಂದರೆ ಗರಡಿಮನೆಯ ವಸ್ತಾದರು. ವಸ್ತಾದರು ಒಂದೇ ಗರಡಿಗೆ ಸಲ್ಲುವವರು, ಊರೂರು ತಿರುಗಿ ತಂಡ ಬದಲಿಸುವ ಪ್ರಶ್ನೆ ಅವರಿಗಿರಲಿಲ್ಲ. ಬೆಂಗಳೂರಿನ ಫುಟ್‌ಬಾಲ್ ಕ್ಲಬ್ಬುಗಳ ಸ್ಥಿತಿಯೂ ಮೊದಲಿಗೆ ಇದಕ್ಕಿಂತ ಬೇರೆಯೇನೂ ಇರಲಿಲ್ಲ.

1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಸೈನಿಕ ತಂಡಗಳ ಹಿಡಿತದಲ್ಲಿದ್ದ ಆ ಕಪ್ ಭಾರತೀಯ ಕ್ಲಬ್ಬೊಂದರ ಪಾಲಾದದ್ದು ಅದೇ ಮೊದಲು. 1938 ಮತ್ತು 1948ರಲ್ಲೂ ಇದೇ ತಂಡ ಅದನ್ನು ಗೆದ್ದಿತು. ಮೈಸೂರು ರಾಜ್ಯ ತಂಡ 1946-47, 1952-53, 1967-68, 1968-69ರಲ್ಲಿ ಸಂತೋಷ್ ಟ್ರೋಫಿ ಪಡೆಯಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ಸಾರಂಗಪಾಣಿ ರಾಮನ್, ಕೋಲ್ಕತ್ತದ ಈಸ್ಟ್ ಬೆಂಗಾಲಿಗೆ ಹೋಗಿ ಹೆಸರಾದ ಅಹ್ಮದ್ ಖಾನ್ ಮತ್ತು ಧನರಾಜ್ ಬೆಂಗಳೂರಿನವರು. ಊರಿಂದೂರಿಗೆ ಹೋದದ್ದು ಆಟಗಾರರೇ. ಆ ಕಾಲದ ವಿಜೇತರ ಪಟ್ಟಿಗಳಲ್ಲಿ ಗೆದ್ದವರಿಗೊಂದು, ಸೋತವರಿಗೊಂದು ಕಾಲಂ ಇದೆ, ತರಬೇತುದಾರರಿಗಿಲ್ಲ. ಪಕ್ಕದ ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಂ ಇದಕ್ಕೆ ದೊಡ್ಡ ಅಪವಾದ: ಸಿಟಿ ಪೊಲೀಸ್ ತಂಡಕ್ಕೆ 1950ರಿಂದ ಸತತ 5 ರೋವರ್ಸ್ ಕಪ್, ಭಾರತ ತಂಡಕ್ಕೆ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟದ ಚಿನ್ನ. ಐಟಿಐ, ಎಚ್‌ಎಎಲ್ ಮುಂತಾದ ಕಾರ್ಖಾನೆ ತಂಡಗಳ ಕಾಲದಲ್ಲಿ ಆಟಗಾರನಿಗೆ ನೌಕರಿಯೇ ಆಧಾರ. ಅಲ್ಲಿ ಕ್ಲಬ್ಬು ಬಿಡುವುದೆಂದರೆ ಪಗಾರ ಬಿಡುವುದು.

2013ರಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಬೆಂಗಳೂರು ಎಫ್‌ಸಿ ಕಟ್ಟಿದಾಗ ಈ ಚಿತ್ರ ಬದಲಾಯಿತು. ಮೊದಲ ತರಬೇತುದಾರ, ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್, ಅದಕ್ಕೂ ಮುಂಚೆ ತಮ್ಮ ದೇಶದ ಕ್ಲಬ್ಬುಗಳಲ್ಲಿ ಸಹಾಯಕರಾಗಿದ್ದವರು. ಚೊಚ್ಚಲ ಋತುವಿನಲ್ಲೇ ತಂಡ ಐ-ಲೀಗ್ ಗೆದ್ದಿತು. 2015ರ ಜನವರಿಯಲ್ಲಿ ಫೆಡರೇಷನ್ ಕಪ್, 2015-16ರಲ್ಲಿ ಮತ್ತೆ ಐ-ಲೀಗ್. ನಡುವಿನ ಲೀಗ್ ಕೈತಪ್ಪಿದ್ದು 2015ರ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ. ಬೆಂಗಳೂರಿಗೆ ಗೆಲುವೇ ಬೇಕಿತ್ತು, ಮೋಹನ್ ಬಾಗನ್‌ಗೆ ಡ್ರಾ ಸಾಕಿತ್ತು. 87ನೇ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡನ್ನು ಬಾಗನ್‌ನ ಬೆಲ್ಲೊ ರಜಾಕ್ ತಲೆಯಿಂದ ಒಳಗೆ ತಳ್ಳಿದರು, 1-1. ಲೀಗ್ ಹೋದದ್ದು ಆ ಒಂದು ಕಾರ್ನರಿನಲ್ಲಿ. ಇಂಥ ಒಂದು ನಿಮಿಷದ ಮೇಲೆ ತರಬೇತುದಾರರ ಯೋಗ್ಯತೆ ಅಳೆಯುವ ಪಟ್ಟಿಗಳನ್ನು ಎಚ್ಚರದಿಂದಲೇ ಓದಬೇಕು.

ಮೂಲಗಳು ಹೆಚ್ಚು ತೊಡಕಾಗುವುದು 2016ರಲ್ಲಿ. ಆ ವರ್ಷ ಬೆಂಗಳೂರು ಎಎಫ್‌ಸಿ ಕಪ್ಪಿನ ಫೈನಲ್ ತಲುಪಿತು. ಭಾರತದ ಬೇರಾವ ಕ್ಲಬ್ಬೂ ಅಲ್ಲಿಯವರೆಗೆ ಆ ಮಟ್ಟ ಮುಟ್ಟಿರಲಿಲ್ಲ. ಇದನ್ನು ಸ್ಪೇನಿನ ಆಲ್ಬರ್ಟ್ ರೋಕಾ ಅವರ ಸಾಧನೆಯೆಂದು ಬರೆಯುವುದು ವಾಡಿಕೆ. ಆದರೆ ಗುಂಪು ಹಂತವನ್ನೂ, ಹಾಂಗ್‌ಕಾಂಗಿನ ಕಿಚಿ ಕ್ಲಬ್ಬನ್ನು 3-2ರಿಂದ ಮಣಿಸಿದ ನಾಕೌಟ್ ಪಂದ್ಯವನ್ನೂ ದಾಟಿಸಿದವರು ವೆಸ್ಟ್‌ವುಡ್. ರೋಕಾ ಬಂದದ್ದು ಜುಲೈಯಲ್ಲಿ, ಅವರಿಗೆ ಸಿಕ್ಕಿದ್ದು ಕ್ವಾರ್ಟರ್ ಫೈನಲಿನಿಂದ ಮುಂದಿನ ದಾರಿ. ಸೆಮಿಫೈನಲಿನಲ್ಲಿ ಹಾಲಿ ಚಾಂಪಿಯನ್ ಮಲೇಷ್ಯಾದ ಜೊಹೋರ್ ತಂಡದೊಂದಿಗೆ ಹೊರಗೆ 1-1, ಕಂಠೀರವದಲ್ಲಿ 3-1. ಆ ದಿನದ ತಂಡದಲ್ಲಿ ಸುನಿಲ್ ಛೇತ್ರಿ, ಜಾನ್ ಜಾನ್ಸನ್, ಯೂಜಿನ್‌ಸನ್ ಲಿಂಗ್ಡೊ ವೆಸ್ಟ್‌ವುಡ್ ಕಾಲದವರು. ಹುವಾನನ್, ಆಲ್ವಾರೊ ರೂಬಿಯೊ ರೋಕಾ ಜೊತೆ ಬಂದವರು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ಬಿಗೆ 0-1ರಿಂದ ಸೋತಾಗ ಕಾಯಂ ಗೋಲ್‌ಕೀಪರ್ ಅಮರಿಂದರ್ ಸಿಂಗ್ ನಿಷೇಧದಿಂದ ಹೊರಗಿದ್ದರು. ಹೀಗಾಗಿ ಆ ಫೈನಲ್ಲನ್ನು ಒಬ್ಬರ ಹೆಸರಿಗೆ ಬರೆಯುವುದು ಸರಿಯಲ್ಲ. ಇಬ್ಬರ ಜಂಟಿ ಖಾತೆಯೆಂದೇ ಇಲ್ಲಿ ಪರಿಗಣಿಸಲಾಗಿದೆ.

ರೋಕಾ 2017ರ ಫೆಡರೇಷನ್ ಕಪ್ ಮತ್ತು 2018ರ ಸೂಪರ್ ಕಪ್ ಗೆದ್ದುಕೊಟ್ಟು ಹೋದರು. ನಂತರ ಹೈದರಾಬಾದ್ ಎಫ್‌ಸಿ ಅವರನ್ನು ಗೊತ್ತುಮಾಡಿಕೊಂಡಿತ್ತು. 2020-21ರ ಋತು ಶುರುವಾಗುವ ಮುನ್ನವೇ ಬಾರ್ಸಿಲೋನಾ ಕರೆಸಿಕೊಂಡಿತು. ಬೇರೊಂದು ಭಾರತೀಯ ಕ್ಲಬ್ಬಿನಲ್ಲಿ ಅವರ ಪರೀಕ್ಷೆ ಆಗಲೇ ಇಲ್ಲ.

ಆ ಪರೀಕ್ಷೆ ಆದದ್ದು ಅವರ ಸಹಾಯಕ ಕಾರ್ಲೆಸ್ ಕ್ವಾದ್ರಾತ್ ಅವರಿಗೆ. ಎರಡು ವರ್ಷ ಅದೇ ತಂಡದ ಜೊತೆಗಿದ್ದು 2018ರಲ್ಲಿ ಮುಖ್ಯ ತರಬೇತುದಾರರಾದ ಅವರಿಗೆ ಡ್ರೆಸಿಂಗ್ ರೂಮಿನ ಒಳಗುಟ್ಟು ಹೊಸದಾಗಿರಲಿಲ್ಲ. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಸೆರ್ಜಿಯೊ ಲೊಬೆರಾ ಅವರ ಗೋವಾ ತಂಡದ ಎದುರು ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ಫೈನಲ್ ಹೆಚ್ಚುವರಿ ಅವಧಿಗೆ ಹೋಯಿತು. 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ತೆಗೆದ ಕಾರ್ನರಿಗೆ ರಾಹುಲ್ ಭೇಕೆ ತಲೆ ಕೊಟ್ಟರು, ಕಪ್ ಬೆಂಗಳೂರಿನದಾಯಿತು. 2021ರ ಜನವರಿಯಲ್ಲಿ, ಸತತ ಸೋಲುಗಳ ಬೆನ್ನಲ್ಲೇ, ಕ್ಲಬ್ಬು ಕ್ವಾದ್ರಾತ್ ಅವರನ್ನು ಕಳಿಸಿತು. 2023ರಲ್ಲಿ ಈಸ್ಟ್ ಬೆಂಗಾಲ್ ಸೇರಿ, 2024ರ ಜನವರಿ 28ರಂದು ಸೂಪರ್ ಕಪ್ ಗೆದ್ದರು. ಆ ಕ್ಲಬ್ಬಿಗೆ 12 ವರ್ಷಗಳ ನಂತರ ಸಿಕ್ಕ ರಾಷ್ಟ್ರೀಯ ಟ್ರೋಫಿ ಅದು. ಎದುರಾಳಿ ಒಡಿಶಾ, ಅದರ ತರಬೇತುದಾರರು ಮತ್ತೆ ಲೊಬೆರಾ. ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲು ಹೊಡೆದ ಕ್ಲೈಟನ್ ಸಿಲ್ವಾ ಹಿಂದೆ ಬೆಂಗಳೂರಿನಲ್ಲಿ ಕ್ವಾದ್ರಾತ್ ಕೈಕೆಳಗೆ ಆಡಿದವರು. ಹರ್ಮನ್‌ಜೋತ್ ಖಾಬ್ರಾ, ನಿಶು ಕುಮಾರ್ ಕೂಡ 2019ರ ಆ ಬಳಗದವರೇ. ಅದಾದ ಎಂಟು ತಿಂಗಳಲ್ಲಿ, ಮುಂದಿನ ಋತುವಿನ ಲೀಗಿನ ಮೊದಲ ಮೂರು ಪಂದ್ಯ ಸೋತು ಕ್ವಾದ್ರಾತ್ ಆ ಹುದ್ದೆಯನ್ನೂ ಬಿಟ್ಟರು.

ಎರಡೂ ಫೈನಲ್ ಸೋತ ಲೊಬೆರಾ ಈ ವಿಷಯಕ್ಕೆ ಇನ್ನೂ ಹತ್ತಿರದ ಉದಾಹರಣೆ. ಗೋವಾ 2019-20ರ ಲೀಗ್ ಶೀಲ್ಡ್ (ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದವರಿಗೆ ಸಿಗುವ ಪ್ರಶಸ್ತಿ) ಗೆದ್ದ ಋತುವಿನ ಬಹುಭಾಗ ತಂಡ ಅವರದೇ. ಲೀಗ್ ಮುಗಿಯುವ ಮೊದಲೇ ಅವರನ್ನು ತೆಗೆದಿದ್ದರಿಂದ ಕೊನೆಯ ಪಂದ್ಯಗಳಲ್ಲಿ ಕ್ಲಿಫರ್ಡ್ ಮಿರಾಂಡಾ ಕುರ್ಚಿಯಲ್ಲಿದ್ದರು. ಮರುವರ್ಷ ಮುಂಬಯಿ ಸಿಟಿಗೆ ಹೋದಾಗ ಅಹ್ಮದ್ ಜಾಹೂ, ಮುರ್ತಾದಾ ಫಾಲ್, ಹ್ಯೂಗೊ ಬೂಮುಸ್, ಮಂದಾರ್ ರಾವ್ ದೇಸಾಯಿ ಗೋವಾದಿಂದ ಅದೇ ಕ್ಲಬ್ಬಿಗೆ ಬಂದರು. ಮುಂಬಯಿ ಶೀಲ್ಡನ್ನೂ ಕಪ್ಪನ್ನೂ ಒಟ್ಟಿಗೇ ಗೆದ್ದಿತು. ಇದನ್ನು ತರಬೇತುದಾರರ ಯಶಸ್ಸು ಎನ್ನುವುದೋ, ಅವರು ಕಲಿಸಿಟ್ಟ ನಾಲ್ವರ ಯಶಸ್ಸು ಎನ್ನುವುದೋ ಎಂಬ ವಾದ ಇದ್ದೇ ಇದೆ. ಅಂಥವರನ್ನು ಕರೆತರಲು ಹಣ ಕೊಡುವ ಮಾಲೀಕರು ಸಿಕ್ಕದ್ದೂ ಲೆಕ್ಕಕ್ಕೆ ಬರಬೇಕು.

ಬೆಂಗಳೂರಿಗೆ ಬಂದವರಲ್ಲಿ ಹಲವು ಕ್ಲಬ್ಬುಗಳ ಯಶಸ್ಸನ್ನು ಹೊತ್ತು ಬಂದವರು ಸೈಮನ್ ಗ್ರೇಸನ್. ಇಂಗ್ಲೆಂಡಿನ ಮೂರನೇ ದರ್ಜೆಯಿಂದ ಎರಡನೆಯದಕ್ಕೆ ನಾಲ್ಕು ಬೇರೆ ಬೇರೆ ಕ್ಲಬ್ಬುಗಳನ್ನು ಏರಿಸಿದವರು ಅವರು: ಬ್ಲ್ಯಾಕ್‌ಪೂಲ್ (2007), ಲೀಡ್ಸ್ (2010), ಹಡರ್ಸ್‌ಫೀಲ್ಡ್ (2012), ಪ್ರೆಸ್ಟನ್ (2015). ಹಡರ್ಸ್‌ಫೀಲ್ಡಿಗೆ ಅವರು ಬಂದದ್ದು ಫೆಬ್ರವರಿಯಲ್ಲಿ, ಲೀ ಕ್ಲಾರ್ಕ್ ಕಟ್ಟಿದ್ದ ತಂಡಕ್ಕೆ. ಅದೇ ಗ್ರೇಸನ್ ಸಂಡರ್ಲೆಂಡಿನಲ್ಲಿ ಬಾಳಿದ್ದು ನಾಲ್ಕೇ ತಿಂಗಳು. ಸಾಲದಲ್ಲಿ ಮುಳುಗಿ ಆಗತಾನೆ ಕೆಳದರ್ಜೆಗೆ ಇಳಿದಿದ್ದ ಕ್ಲಬ್ಬು ಅದು. ಬೆಂಗಳೂರಿನಲ್ಲಿ 2022ರ ಡ್ಯುರಾಂಡ್ ಕಪ್ ಗೆದ್ದರು. ಆ ಋತುವಿನ ಐಎಸ್‌ಎಲ್‌ನಲ್ಲಿ ತಂಡ ಮೊದಲರ್ಧ ಮುಗ್ಗರಿಸಿ, ಲೀಗಿನ ಕೊನೆಯ 8 ಪಂದ್ಯಗಳನ್ನು ಸಾಲಾಗಿ ಗೆದ್ದು, ಫೈನಲಿನಲ್ಲಿ ಪೆನಾಲ್ಟಿ ಶೂಟೌಟಿನಲ್ಲಿ ಸೋತಿತು. 2023ರ ಡಿಸೆಂಬರಿನಲ್ಲಿ ಮುಂಬಯಿ ಸಿಟಿಯ ಕೈಯಲ್ಲಿ 0-4 ಸೋಲು ಕಂಡ ಬೆನ್ನಿಗೆ ಹುದ್ದೆ ಹೋಯಿತು.

ಇಷ್ಟೂ ಕಾಲ ಬೆಂಗಳೂರು ಗೆದ್ದ ಏಳು ದೊಡ್ಡ ಟ್ರೋಫಿಗಳ ಹಿಂದೆ ನಾಲ್ವರು ತರಬೇತುದಾರರಿದ್ದಾರೆ. ಏಳರಲ್ಲೂ ಇದ್ದ ಆಟಗಾರ ಒಬ್ಬರೇ, ಛೇತ್ರಿ. ತರಬೇತುದಾರರ ಹೋಲಿಕೆ ಮಾಡುವ ಲೇಖನಗಳು ಈ ಮಾತನ್ನು ಅಡಿಟಿಪ್ಪಣಿಗೆ ತಳ್ಳುತ್ತವೆ. ಅದು ಇರಬೇಕಾದ ಜಾಗ ಮೊದಲ ಪ್ಯಾರಾ.

ವೆಸ್ಟ್‌ವುಡ್ ಕಥೆ ಛೇತ್ರಿ ಇಲ್ಲದ ಕಡೆ ಮುಂದುವರಿಯಿತು. ಮಲೇಷ್ಯಾದ ಪೆನಾಂಗ್, ಕೋಲ್ಕತ್ತದ ಎಟಿಕೆ, ಪಂಜಾಬಿನ ರೌಂಡ್‌ಗ್ಲಾಸ್: ಎಲ್ಲೂ ಕಪ್ ಬರಲಿಲ್ಲ. ಎಟಿಕೆಯಲ್ಲಿ ಋತುವಿನ ನಡುವೆ, ಹಿಂದಿನ ತರಬೇತುದಾರ ಟೆಡ್ಡಿ ಶೆರಿಂಗಂ ಆರಿಸಿದ ತಂಡವೇ ಅವರ ಕೈಗೆ ಬಂದಿತ್ತು. ಬೆಂಗಳೂರಿನಲ್ಲಿ ಸಿಕ್ಕಿದ್ದ ಹಾಗೆ ಬರಿಯ ನೆಲದ ಮೇಲೆ ತಮ್ಮಿಷ್ಟದಂತೆ ಕಟ್ಟುವ ಅವಕಾಶ ಅದಲ್ಲ. ಬಳಿಕ ರಾಷ್ಟ್ರೀಯ ತಂಡಗಳತ್ತ ಹೊರಳಿದರು. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ ಛೇತ್ರಿ ತಮ್ಮ 150ನೇ ಅಂತಾರಾಷ್ಟ್ರೀಯ ಪಂದ್ಯದಲ್ಲಿ ಪೆನಾಲ್ಟಿಯಿಂದ ಗೋಲು ಹೊಡೆದರೂ ವೆಸ್ಟ್‌ವುಡ್ ಅವರ ಅಫ್ಘಾನಿಸ್ತಾನ 2-1ರಿಂದ ಭಾರತವನ್ನು ಸೋಲಿಸಿತು. 2025ರ ಜೂನ್ 10ರಂದು ಅವರದೇ ಹಾಂಗ್‌ಕಾಂಗ್ ತಂಡ ಭಾರತದ ವಿರುದ್ಧ 1-0ರಿಂದ ಗೆದ್ದಿತು. ಭಾರತದ ಆಟಗಾರರ ಆಟ ಬಲ್ಲವರೆಂಬುದು ಎರಡೂ ಕಡೆ ಅವರಿಗೆ ಒದಗಿತೆಂದು ಹೇಳಬಹುದು.

ರಾಜ್ಯ ತಂಡಗಳ ಲೆಕ್ಕ ಬೇರೆ. 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ತರಬೇತುದಾರರು ರವಿ ಬಾಬು ರಾಜು. ಸಂತೋಷ್ ಟ್ರೋಫಿಯ ತರಬೇತುದಾರರಿಗೆ ಆಟಗಾರರನ್ನು ಕೊಂಡುತರುವ ಮಾರುಕಟ್ಟೆ ಇಲ್ಲ. ಬೇರೆ ಬೇರೆ ಕ್ಲಬ್ಬುಗಳಲ್ಲಿ ಆಡುವ ಹುಡುಗರನ್ನು ಶಿಬಿರಕ್ಕೆ ಕರೆದು, ಸಿಕ್ಕಷ್ಟು ದಿನಗಳಲ್ಲಿ ಒಂದು ತಂಡ ಮಾಡಬೇಕು. ಟೂರ್ನಿ ಮುಗಿದ ಮರುದಿನ ಅವರೆಲ್ಲ ತಂತಮ್ಮ ಕ್ಲಬ್ಬಿಗೆ ವಾಪಸು.